ಹೊಲದ ಕಲ್ಲುಗುಡ್ಡೆಯಲ್ಲಿ ಕಲ್ಲಿನ ಕೊಡಲಿ ಸಿಕ್ಕಿದೆ, ಮುಂದೇನು ಮಾಡಬೇಕು?

ಗೋವಿನಜೋಳ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆ ರಟ್ಟಿಹಳ್ಳಿ ಕಡೆಯವನು. ನಮ್ಮ ಕಾಕಾನ ಹೊಲದ ಮೇಲ್ಭಾಗದಲ್ಲಿ, ಮಸಾರಿ ನೆಲ ಮುಗಿದು ಗರಸು ಶುರುವಾಗುವ ಕಡೆ, ಒಂದು ಕಲ್ಲುಗುಡ್ಡೆ ಇದೆ. ಎತ್ತರ ಸೊಂಟದಷ್ಟು. ಸುತ್ತ ದೊಡ್ಡ ಗುಂಡುಕಲ್ಲುಗಳು ದುಂಡಗೆ ಕೂತಿವೆ. ಅಜ್ಜನ ಕಾಲದಿಂದಲೂ ಅದನ್ನು ಬಿಟ್ಟೇ ಗಳೆ ಹೊಡೆಯುತ್ತಿದ್ದರು. ಈ ಸಲ ಮುಂಗಾರಿಗೆ ಮೊದಲು ಹೊಲ ಮಟ್ಟ ಮಾಡಿಸೋಣ ಅಂತ ಕಾಕಾ ಜೆಸಿಬಿ ತರಿಸಿದರು.

ಒಂದು ಬದಿ ಕೆದರಿದ ಮೇಲೆ ಮಣ್ಣಿನಲ್ಲಿ ನುಣುಪಾದ ಕಪ್ಪು ಕಲ್ಲು ಕಂಡಿತು. ಅಂಗೈ ಉದ್ದ. ಹಿಂಬದಿ ಚೂಪು, ಮುಂದೆ ಅಗಲವಾದ ಬಾಯಿ. ಬಾಯಿಯ ಹತ್ತಿರ ಬೆರಳಾಡಿಸಿದರೆ ಜಾರುತ್ತದೆ, ಹಿಂದೆ ಹೋದಂತೆ ಸಣ್ಣ ಸಣ್ಣ ಗುಳಿ ಕೈಗೆ ಹತ್ತುತ್ತವೆ. ಅದೇ ಮಣ್ಣಿನಲ್ಲಿ ಬಿಳಿ ಬೆಣಚುಕಲ್ಲಿನ ಚಕ್ಕೆಗಳು, ಉಗುರಿಗಿಂತ ಸಣ್ಣಗಿನ ತೆಳು ಅಲಗುಗಳು ಇವೆ. ಮಡಕೆ ಚೂರುಗಳೂ ಇವೆ. ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಕೆಂಪು.

ಕಾಕಾನ ಕೈಕಾಲು ಹಿಡಿದು ಕೆಲಸ ನಿಲ್ಲಿಸಿದ್ದೇನೆ. ಆದರೆ ಊರಲ್ಲಿ ಆಗಲೇ ನಿಧಿ ಅಂತ ಸುದ್ದಿ ಹಬ್ಬಿದೆ. ಇದು ನಿಜವಾಗಿಯೂ ಏನು? ಕಲ್ಲಿನ ಕೊಡಲಿ ಸಿಕ್ಕಿದೆ ಅಂದ್ರೆ ಗುಡ್ಡೆಯೂ ಶಿಲಾಯುಗದ್ದೇನಾ? ತಿಳಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಸವಾರ

ಫೋಟೊ ಹಾಕಿ ಅಣ್ಣಾ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೀರಿ, ಇಲ್ಲಾಂದ್ರೆ ಅಳತೆ ಗೊತ್ತಾಗಲ್ಲ. ನಡುಮಧ್ಯಾಹ್ನ ಬೇಡ, ಬೆಳಿಗ್ಗೆ ಓರೆ ಬಿಸಿಲಿದ್ದಾಗ ತೆಗೆದರೆ ಕಲ್ಲಿನ ಮೇಲಿನ ಗೆರೆಗಳು ಚೆನ್ನಾಗಿ ಕಾಣುತ್ತವೆ.

ಧಾರವಾಡ ಮಾಸ್ತರ

ತಮ್ಮಾ, ಕೆಲಸ ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು. ಮೊದಲು ಅದಕ್ಕೆ ನಿನಗೂ ನಿನ್ನ ಕಾಕಾನಿಗೂ ಕೈ ಮುಗಿಯುತ್ತೇನೆ.

ನೀನು ಹೇಳಿದ್ದೆಲ್ಲ ಕೂಡಿಸಿದರೆ ಇದು ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿ ಅನಿಸುತ್ತದೆ. ಸುತ್ತ ಗುಂಡುಗಳು, ನಡುವೆ ಕಲ್ಲು ಮಣ್ಣಿನ ಗುಡ್ಡೆ, ಕಪ್ಪು-ಕೆಂಪು ಮಡಕೆ. ನಮ್ಮ ಸೀಮೆಯಲ್ಲಿ ಇಂಥವು ಸುಮಾರು ಕ್ರಿ.ಪೂ. 1200ರಿಂದ 300ರ ಒಳಗಿನವು. ಆಗಲೇ ಕಬ್ಬಿಣ ಬಂದಿತ್ತು. ಗುಂಡಿ ತೋಡಿ ಅಥವಾ ಕಲ್ಲು ಚಪ್ಪಡಿಗಳಿಂದ ಪೆಟ್ಟಿಗೆಯಂತೆ ಕೋಣೆ ಕಟ್ಟಿ, ಅದರಲ್ಲಿ ಎಲುಬು, ಮಡಕೆ, ಕಬ್ಬಿಣದ ಬಾಣದ ಮೊನೆ, ಚೂರಿ, ಕೆಲವು ಸಲ ಕೆಂಪು ಮಣಿ ಇಟ್ಟು ಮುಚ್ಚುತ್ತಿದ್ದರು. ಎಷ್ಟೋ ಕಡೆ ಇಡೀ ದೇಹ ಇರುವುದಿಲ್ಲ. ಮಾಂಸ ಕರಗಿದ ಮೇಲೆ ಎಲುಬು ಆರಿಸಿ ತಂದು ಇಡುತ್ತಿದ್ದರು. ಒಂದೇ ಕೋಣೆಯಲ್ಲಿ ಹಲವರ ಎಲುಬು ಸಿಕ್ಕ ಉದಾಹರಣೆಗಳಿವೆ.

ನುಣುಪು ಕೊಡಲಿ ಮಾತ್ರ ಅದಕ್ಕಿಂತ ಹಿಂದಿನ ಹೊಸ ಶಿಲಾಯುಗದ ವಸ್ತು. ನಮ್ಮಲ್ಲಿ ಆ ಕಾಲ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ. ದನ ಸಾಕುತ್ತಿದ್ದವರು, ಹುರುಳಿ, ಹೆಸರು, ಕಿರುಧಾನ್ಯ ಬೆಳೆಯುತ್ತಿದ್ದವರು. ಹಾಗಾದರೆ ಕೊಡಲಿ ಈ ಗುಡ್ಡೆಯೊಳಗೆ ಹೇಗೆ ಬಂತು ಅನ್ನೋದೇ ನಿಜವಾದ ಪ್ರಶ್ನೆ.

ಮೂರು ದಾರಿ ಇವೆ. ಒಂದು, ಸತ್ತವರ ಜೊತೆ ಬೇಕಂತಲೇ ಇಟ್ಟಿರಬಹುದು. ಎರಡು, ಗುಡ್ಡೆ ಹಾಕಲು ಸುತ್ತಲಿನ ಮಣ್ಣು ಗೋರಿ ತಂದಾಗ, ಆ ಮಣ್ಣಿನಲ್ಲಿ ಮೊದಲೇ ಬಿದ್ದಿದ್ದ ಹಳೆಯ ಕೊಡಲಿ, ಚಕ್ಕೆಗಳು ಅದರ ಜೊತೆಗೇ ಬಂದಿರಬಹುದು. ಮೂರು, ಕಬ್ಬಿಣ ಬಂದ ಮೇಲೂ ಜನ ಕಲ್ಲಿನ ಆಯುಧ ಬಿಟ್ಟಿರಲಿಲ್ಲ, ಹಾಗಾಗಿ ಅದು ಅವರದೇ ಕಾಲದ್ದಾಗಿರಬಹುದು.

ಇದರಲ್ಲಿ ಯಾವುದು ಅಂತ ಆ ಕಲ್ಲನ್ನು ಕೈಯಲ್ಲಿ ಹಿಡಿದು ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ. ಅದು ಎಲ್ಲಿತ್ತು, ಎಷ್ಟು ಆಳದಲ್ಲಿತ್ತು, ಯಾವ ಮಣ್ಣಿನಲ್ಲಿತ್ತು, ಪಕ್ಕದಲ್ಲಿ ಏನಿತ್ತು, ಇದೇ ಉತ್ತರ ಹೇಳುವುದು. ಅದಕ್ಕೇ ಕೇಳಿಕೊಳ್ಳುತ್ತೇನೆ, ಇನ್ನು ಒಂದು ಚೂರನ್ನೂ ಎತ್ತಬೇಡ.

ಗರಸು ಮಣ್ಣು

ಮಾಸ್ತರೇ, ತಪ್ಪು ತಿಳಿಯಬೇಡಿ. ನಾನೂ ಒಕ್ಕಲುತನದವನು. ಹೊಲದಲ್ಲಿ ಆರಿಸಿದ ಕಲ್ಲು ಒಂದು ಕಡೆ ಒಟ್ಟುವುದು ಎಲ್ಲ ಕಡೆ ಇದೆ. ಪ್ರತಿ ಕಲ್ಲುಗುಡ್ಡೆನೂ ಸಮಾಧಿ ಅಂದ್ರೆ ನಾವು ಹೊಲ ಮಾಡೋದು ಹೇಗೆ? ಕಪ್ಪು-ಕೆಂಪು ಮಡಕೆ ನಮ್ಮ ಕುಂಬಾರರೂ ಮಾಡುತ್ತಿದ್ದರಲ್ವಾ?

ಧಾರವಾಡ ಮಾಸ್ತರ

ಸರಿಯಾದ ಪ್ರಶ್ನೆ. ರೈತರು ಆರಿಸಿ ಒಟ್ಟಿದ ಗುಡ್ಡೆ ಸಾಮಾನ್ಯವಾಗಿ ಬದುವಿನ ಮೇಲೆ ಅಥವಾ ಮೂಲೆಯಲ್ಲಿ ಇರುತ್ತದೆ. ಉದ್ದಕ್ಕೆ ಹರಡಿರುತ್ತದೆ. ಕೈಯಲ್ಲಿ ಎತ್ತಬಹುದಾದ ಕಲ್ಲುಗಳೇ ಜಾಸ್ತಿ. ಕಲ್ಲಿನ ನಡುವೆ ಮಣ್ಣು ಕಡಿಮೆ.

ಸಮಾಧಿ ಗುಡ್ಡೆ ಹಾಗಲ್ಲ. ದುಂಡಗಿರುತ್ತದೆ. ಸುತ್ತಲಿನ ಗುಂಡುಗಳು ನಾಲ್ಕೈದು ಜನ ಹಾರೆ ಹಾಕಿ ಉರುಳಿಸಬೇಕಾದವು, ಅರ್ಧ ಹೂತಿರುತ್ತವೆ. ಒಳಗಿನ ಕೋಣೆ ಕುಸಿದಿದ್ದರೆ ನಡುವೆ ತಗ್ಗು ಬಿದ್ದಿರುತ್ತದೆ. ಚಪ್ಪಡಿಯ ಅಂಚು ಹೊರಗೆ ಇಣುಕುವುದೂ ಉಂಟು. ಮತ್ತೆ ಇವು ಬಹಳ ಸಲ ಒಂಟಿ ಇರುವುದಿಲ್ಲ, ಆಸುಪಾಸಿನಲ್ಲಿ ಇನ್ನೊಂದೆರಡು ಇದ್ದೇ ಇರುತ್ತವೆ. ಜಾಗವೂ ನೋಡಿ. ಉಳುಮೆಗೆ ಒಳ್ಳೆಯದಾದ ನೆಲ ಬಿಟ್ಟು ಗರಸಿನ ಏರಿನಲ್ಲಿ, ಕಲ್ಲು ಸುಲಭವಾಗಿ ಸಿಗುವ ಕಡೆ ಮಾಡುತ್ತಿದ್ದರು.

ಮಡಕೆಯ ಬಗ್ಗೆ ಕೇಳಿದಿರಿ. ಆ ಕಾಲದ ಮಡಕೆ ಒಳಗೂ ಬಾಯಿಯ ಹತ್ತಿರವೂ ಕಪ್ಪು, ಹೊರಗೆ ಕೆಳಗೆ ಕೆಂಪು. ಬೋರಲು ಇಟ್ಟು ಸುಟ್ಟರೆ ಗಾಳಿ ಆಡದ ಕಡೆ ಕಪ್ಪಾಗುತ್ತದೆ, ಗಾಳಿ ಆಡಿದ ಕಡೆ ಕೆಂಪಾಗುತ್ತದೆ. ಮೈ ಉಜ್ಜಿ ಹೊಳಪು ಕೊಟ್ಟಿರುತ್ತಾರೆ. ಬರೀ ಬಣ್ಣ ನೋಡಿ ಹೇಳುವುದು ಸಾಲದು, ಅದಕ್ಕೇ ಚೂರುಗಳನ್ನು ತಿಳಿದವರು ನೋಡಬೇಕು ಅನ್ನುವುದು.

ಗೋವಿನಜೋಳ

ಫೋಟೊ ಹಾಕಿದ್ದೇನೆ ಸರ್. ನಡುವೆ ತಗ್ಗು ಇದೆ. ಮೊದಲು ಮಳೆ ನೀರು ನಿಂತು ಹಾಗಾಗಿದೆ ಅಂದುಕೊಂಡಿದ್ದೆವು. ಕಾಕಾ ಹೇಳುವ ಪ್ರಕಾರ ಪಕ್ಕದವರ ಹೊಲದಲ್ಲೂ ಇಂಥದ್ದೇ ಒಂದು ಇತ್ತು. ಅದರ ಗುಂಡುಗಳನ್ನು ಒಡೆದು ಮನೆ ಪಾಯಕ್ಕೆ ಹಾಕಿದ್ದಾರಂತೆ.

ಕಪ್ಪತಗುಡ್ಡದ ಮಗಳು

ಫೋಟೊ ನೋಡಿದೆ. ನಾನು ಗದಗಿನವಳು, ಭೂವಿಜ್ಞಾನ ಓದಿದ್ದೇನೆ, ಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ.

ಕೊಡಲಿ ಡೋಲರೈಟ್ ಇದ್ದಂತಿದೆ. ನಮ್ಮ ಸೀಮೆಯ ಹಳೆಯ ಬಂಡೆಗಳನ್ನು ಸೀಳಿಕೊಂಡು ಬಂದ ಕಪ್ಪು ಕಲ್ಲಿನ ಪಟ್ಟೆಗಳು ಬಹಳ ಕಡೆ ಇವೆ, ಅದೇ ಕಲ್ಲು. ಗಟ್ಟಿ, ಸಣ್ಣ ಕಣದ್ದು, ಪೆಟ್ಟು ತಡೆಯುತ್ತದೆ. ಬಳ್ಳಾರಿ ಹತ್ತಿರದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದಲ್ಲಿ ಇಂಥ ಕೊಡಲಿ ಮಾಡುವ ದೊಡ್ಡ ಕೆಲಸವೇ ನಡೆದಿತ್ತು. ಅಲ್ಲಿ ಇವತ್ತಿಗೂ ಕಾಲಿಟ್ಟಲ್ಲಿ ಚಕ್ಕೆ, ಬಂಡೆಯ ಮೇಲೆ ಉಜ್ಜಿ ಉಜ್ಜಿ ಬಿದ್ದ ತಗ್ಗುಗಳು ಕಾಣುತ್ತವೆ.

ಮಾಡುವ ಕ್ರಮ ನಿಮ್ಮ ಕಲ್ಲಿನ ಮೇಲೇ ಇದೆ ನೋಡಿ. ಮೊದಲು ಒರಟಾಗಿ ಚಕ್ಕೆ ಎಬ್ಬಿಸಿ ಆಕಾರಕ್ಕೆ ತರುತ್ತಾರೆ. ಆಮೇಲೆ ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ ಏರುತಗ್ಗು ತೆಗೆಯುತ್ತಾರೆ. ಕೊನೆಗೆ ನೀರು, ಮರಳು ಹಾಕಿ ಬಂಡೆಯ ಮೇಲೆ ತಿಕ್ಕುತ್ತಾರೆ. ಹಿಂಬದಿಯಲ್ಲಿ ಕೈಗೆ ಹತ್ತುವ ಸಣ್ಣ ಗುಳಿಗಳು ಕುಟ್ಟಿದ ಗುರುತು. ಆ ಭಾಗ ಮರದ ಹಿಡಿಯೊಳಗೆ ಹೋಗುವುದರಿಂದ ನುಣುಪು ಮಾಡುವ ಅಗತ್ಯವಿಲ್ಲ, ಒರಟಾಗಿದ್ದರೇ ಹಿಡಿತ ಚೆನ್ನಾಗಿ ಸಿಗುತ್ತದೆ. ಬಾಯಿ ಮಾತ್ರ ತಿಕ್ಕಿದ್ದಾರೆ.

ನಿಮ್ಮ ಎರಡನೇ ಫೋಟೊದಲ್ಲಿ ಬಾಯಿಯ ಎಡ ಮೂಲೆಯಲ್ಲಿ ಒಂದು ಚಕ್ಕೆ ಹಾರಿದೆ. ಅದು ಹಳೆಯದು, ಯಾಕೆಂದರೆ ಒಡೆದ ಜಾಗವೂ ಉಳಿದ ಮೈಯ ಬಣ್ಣಕ್ಕೇ ತಿರುಗಿದೆ. ಅಂದರೆ ಯಾರೋ ಇದರಿಂದ ಕೆಲಸ ಮಾಡಿರಬಹುದು. ಬಲಗಡೆ ಕಾಣುವ ಗೀರು ಕಡುಗಪ್ಪಾಗಿ ಹೊಸದಾಗಿದೆ, ಅದು ಜೆಸಿಬಿ ಬಕೆಟ್ಟಿನದು.

ಬೆಣಚು ಚಕ್ಕೆಗಳ ವಿಷಯದಲ್ಲಿ ಹುಷಾರಾಗಿರಬೇಕು. ಬೆಣಚುಕಲ್ಲು ಬಿದ್ದರೂ ಒಡೆಯುತ್ತದೆ, ಟ್ರ್ಯಾಕ್ಟರ್ ಹತ್ತಿದರೂ ಒಡೆಯುತ್ತದೆ. ಮನುಷ್ಯ ಹೊಡೆದು ತೆಗೆದ ಚಕ್ಕೆಗೆ ಪೆಟ್ಟು ಬಿದ್ದ ಸಣ್ಣ ಚಪ್ಪಟೆ ಜಾಗ ಇರುತ್ತದೆ, ಅದರ ಕೆಳಗೆ ಮೆಲ್ಲಗೆ ಉಬ್ಬಿರುತ್ತದೆ. ಬೆಣಚಿನಲ್ಲಿ ಇದು ಸ್ಪಷ್ಟವಾಗಿ ಕಾಣುವುದು ಕಷ್ಟ. ಆದರೆ ಫೋಟೊದಲ್ಲಿರುವ ಒಂದು ಅಲಗು ಬೆಣಚಿನದಲ್ಲ, ಚರ್ಟ್ (ಒಡೆದರೆ ಚೂಪು ಅಂಚು ಬರುವ ನುಣುಪಾದ ಗಟ್ಟಿ ಕಲ್ಲು) ತರಹ ಕಾಣುತ್ತದೆ. ಎರಡೂ ಅಂಚು ಒಂದಕ್ಕೊಂದು ಸಮನಾಗಿ ನೆಟ್ಟಗಿವೆ, ಬೆನ್ನ ಮೇಲೆ ಉದ್ದಕ್ಕೆ ಏಣು ಇದೆ. ಅದು ತಾನಾಗಿ ಆಗುವುದಿಲ್ಲ. ಇಂಥ ಸಣ್ಣ ಅಲಗುಗಳನ್ನು ಮರದ ಅಥವಾ ಎಲುಬಿನ ಹಿಡಿಯಲ್ಲಿ ಸಾಲಾಗಿ ಅಂಟಿಸಿ ಕುಡುಗೋಲು, ಚಾಕು ಮಾಡಿಕೊಳ್ಳುತ್ತಿದ್ದರು.

ರೋಣದ ಹುಡುಗ

ನಮ್ಮ ಮೆಣಸಗಿ ಕಡೆ ಮಲಪ್ರಭಾ ದಂಡೆಯಲ್ಲೂ ಕಲ್ಲಿನ ಆಯುಧ ಸಿಕ್ಕಿವೆ. ಬಾದಾಮಿ ತಾಲ್ಲೂಕಿನ ಖ್ಯಾಡದಲ್ಲೂ ಸಿಕ್ಕಿವೆ. ಅವೂ ಇದೇ ಕಾಲದ್ದಾ?

ಧಾರವಾಡ ಮಾಸ್ತರ

ಇಲ್ಲಪ್ಪ, ಅವು ತೀರಾ ಹಳೆಯವು. ಮಲಪ್ರಭೆಯ ಗರಸು ಪದರದಲ್ಲಿ ಸಿಕ್ಕ ಕೈಗೊಡಲಿಗಳು ಹಳೆ ಶಿಲಾಯುಗದವು. ಅವಕ್ಕೆ ಉಜ್ಜಿದ ನುಣುಪಿಲ್ಲ, ಕ್ವಾರ್ಟ್ಜೈಟ್ ಅನ್ನುವ ಗಟ್ಟಿ ಕಲ್ಲಿಗೆ ಎರಡೂ ಕಡೆ ಪೆಟ್ಟು ಹಾಕಿ ಚಕ್ಕೆ ಎಬ್ಬಿಸಿದ್ದು ಅಷ್ಟೇ. ಆಗ ಬೇಸಾಯವೂ ಇಲ್ಲ, ಮಡಕೆಯೂ ಇಲ್ಲ. ಸುರಪುರ ಸೀಮೆಯ ಇಸಾಂಪುರದಲ್ಲಿ ಅಂಥವಕ್ಕೆ ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಹಾಕಿದ್ದಾರೆ.

ಈ ಕೆಲಸಕ್ಕೆ ನಮ್ಮ ದೇಶದಲ್ಲಿ ಮೊದಲು ಕೈ ಹಾಕಿದವರು ರಾಬರ್ಟ್ ಬ್ರೂಸ್ ಫೂಟ್. ಭೂಸರ್ವೇಕ್ಷಣಾ ಇಲಾಖೆಯವರು. 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಮೊದಲ ಕಲ್ಲಾಯುಧ ಗುರುತಿಸಿದರು. ಆಮೇಲೆ ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಭಾಗವನ್ನೆಲ್ಲ ಸುತ್ತಿ ಸರ್ವೆ ಮಾಡಿದರು. ನಮ್ಮ ಬಂಡೆಗಳಿಗೆ ಧಾರವಾಡ ಅನ್ನುವ ಹೆಸರು ಜಗತ್ತಿನ ಪುಸ್ತಕಗಳಲ್ಲಿ ನಿಂತದ್ದು ಅವರಿಂದಲೇ. 1950ರ ದಶಕದಲ್ಲಿ ಆರ್.ವಿ. ಜೋಶಿಯವರು ಮಲಪ್ರಭಾ ಕಣಿವೆಯನ್ನು ಮತ್ತೆ ಕೂಲಂಕಷವಾಗಿ ನೋಡಿದರು.

ಆದರೆ ಗೋವಿನಜೋಳದವರ ಗುಡ್ಡೆಗೆ ಹತ್ತಿರದ ನೆಂಟ ಅಂದ್ರೆ ಹಳ್ಳೂರು. ಅದೂ ನಿಮ್ಮ ಸೀಮೆಯಲ್ಲೇ, ತುಂಗಭದ್ರಾ ದಂಡೆಯಲ್ಲಿ ಇದೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ಮಾಡಿದರು. ಕೆಳಗಿನ ಪದರಗಳಲ್ಲಿ ಹೊಸ ಶಿಲಾಯುಗದ ಜನರ ದುಂಡನೆಯ ಮನೆ ನೆಲಗಳು ಸಿಕ್ಕವು, ಮಕ್ಕಳನ್ನು ಮಡಕೆಯಲ್ಲಿಟ್ಟು ಹೂತದ್ದು ಸಿಕ್ಕಿತು. ಅದರ ಮೇಲಿನ ಪದರದಲ್ಲಿ ಕಪ್ಪು-ಕೆಂಪು ಮಡಕೆ ಮತ್ತು ಕಬ್ಬಿಣ ಬರುತ್ತವೆ. ಬಂದಾಗ ಕಲ್ಲಿನ ಅಲಗುಗಳು ಕೂಡಲೇ ಮಾಯವಾಗುವುದಿಲ್ಲ. ಎರಡೂ ಒಟ್ಟಿಗೆ ಇವೆ. ಆ ಪದರದ ಇದ್ದಿಲಿನ ಇಂಗಾಲ ಅಳೆದು ಕಾಲ ಲೆಕ್ಕ ಹಾಕಿದಾಗ ಕ್ರಿ.ಪೂ. 1000ದ ಆಸುಪಾಸು ಬಂತು.

ಇದು ದೊಡ್ಡ ಸಂಗತಿ. ಅದಕ್ಕಿಂತ ಮೊದಲು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅಗೆದಿದ್ದರು. ಅಲ್ಲಿ ಕಲ್ಗೊಡಲಿಯ ಪದರ, ಅದರ ಮೇಲೆ ಬೃಹತ್ ಶಿಲಾ ಪದರ ಅಂತ ಮೊದಲ ಸಲ ಕ್ರಮವಾಗಿ ತೋರಿಸಿಕೊಟ್ಟರು. ಆದರೆ ಈ ಸಮಾಧಿಗಳ ಕಾಲ ಕ್ರಿ.ಪೂ. 200ರಿಂದ ಈಚೆಗೆ ಅಂದುಬಿಟ್ಟಿದ್ದರು. ಹಾವೇರಿಯ ಒಂದು ಹಳ್ಳಿಯ ಒಂದು ಹಿಡಿ ಇದ್ದಿಲು ದಕ್ಷಿಣ ಭಾರತದ ಕಬ್ಬಿಣದ ಕಾಲವನ್ನು ಎಂಟುನೂರು ವರ್ಷ ಹಿಂದಕ್ಕೆ ಒಯ್ದಿತು. ಆ ಇದ್ದಿಲನ್ನು ಯಾರಾದರೂ ಸುಮ್ನೆ ಗೋರಿ ಬದಿಗೆ ಚೆಲ್ಲಿದ್ದರೆ? ನನಗೆ ಇದನ್ನು ನೆನೆಸಿಕೊಂಡರೆ ಈಗಲೂ ಮೈ ಝುಂ ಅನ್ನುತ್ತದೆ.

ಅಕ್ಕೋರು ರಾಣೆಬೆನ್ನೂರು

ನಾನು ಪ್ರಾಥಮಿಕ ಶಾಲೆಯ ಟೀಚರ್. ಇಂಥ ನುಣುಪು ಕಲ್ಲುಗಳನ್ನು ಬೇವಿನ ಕಟ್ಟೆಯ ಮೇಲೆ, ಸಣ್ಣ ಗುಡಿಗಳಲ್ಲಿ ಲಿಂಗದಂತೆ ನಿಲ್ಲಿಸಿ ಪೂಜೆ ಮಾಡುವುದನ್ನು ನೋಡಿದ್ದೇನೆ. ಸಿಡಿಲು ಬಡಿದಲ್ಲಿ ಬಿದ್ದ ಕಲ್ಲು ಅಂತ ಹಿರಿಯರು ಹೇಳುತ್ತಾರೆ. ಹಾಗಾದರೆ ಆ ಸಮಾಧಿ ಕಟ್ಟಿದ ಜನಕ್ಕೂ ಅದು ಹಳೆಯ ಕಾಲದ ಕಲ್ಲೇ ಆಗಿದ್ದು, ಏನೋ ಶಕ್ತಿ ಇದೆ ಅಂತ ಎತ್ತಿಟ್ಟಿರಬಹುದಲ್ವಾ ಮಾಸ್ತರೇ?

ಧಾರವಾಡ ಮಾಸ್ತರ

ಖಂಡಿತ ಆಗಬಹುದು ಅಕ್ಕೋರೇ. ನಾನು ಹೇಳಿದ ಮೂರಕ್ಕೆ ಇದು ನಾಲ್ಕನೆಯದು, ಚೆನ್ನಾಗಿ ನೆನಪು ಮಾಡಿದಿರಿ. ಹಾಗೆ ಇಟ್ಟಿದ್ದರೆ ಕೋಣೆಯ ಒಳಗೆ, ಮಡಕೆಗಳ ಜೊತೆ ಇರಬೇಕು. ಹೊರಗಿನ ಮಣ್ಣಿನಲ್ಲಿ ಚಕ್ಕೆಗಳ ಜೊತೆ ಕಲಸಿಹೋಗಿದ್ದರೆ, ಮಣ್ಣಿನ ಜೊತೆ ಬಂದದ್ದು ಅನ್ನುವ ಕಡೆಗೇ ತೂಕ ಜಾಸ್ತಿ. ತಮ್ಮಾ, ಕೊಡಲಿ ಇದ್ದ ಜಾಗ ಸರಿಯಾಗಿ ನೆನಪಿದೆಯಾ?

ಬ್ಯಾಡಗಿ ರೈತ

ಎಲ್ಲ ಸರಿ. ನನ್ನದು ನೇರ ಪ್ರಶ್ನೆ. ಇಲಾಖೆಗೆ ಹೇಳಿದ ಮರುದಿನ ಬೇಲಿ ಹಾಕಿ ಹೊಲ ತೊಗೊಂಡ್ರೆ ಆ ಕುಟುಂಬಕ್ಕೆ ಯಾರು ದಿಕ್ಕು? ಇದೇ ಹೆದರಿಕೆಗೆ ಜನ ರಾತ್ರೋರಾತ್ರಿ ಸಪಾಟು ಮಾಡಿ ಸುಮ್ಮನಾಗುತ್ತಾರೆ. ನಾನು ಅವರನ್ನು ಬಯ್ಯೋದಿಲ್ಲ.

ಹಾವೇರಿ ವಕೀಲ

ಅಣ್ಣಾ, ಈ ಹೆದರಿಕೆ ನಮ್ಮ ಜಿಲ್ಲೆಯಲ್ಲಿ ಬಹಳ ಇದೆ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಹಳೆಯ ವಸ್ತು ಸಿಕ್ಕ ಮಾತ್ರಕ್ಕೆ ಹೊಲ ಸರ್ಕಾರದ್ದಾಗುವುದಿಲ್ಲ. ಪಹಣಿಯಲ್ಲಿ ಹೆಸರು ಹಾಗೇ ಇರುತ್ತದೆ. ಎಲ್ಲರೂ ಹೇಳುವ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ, ಇವು ಸರ್ಕಾರ ಅಧಿಸೂಚನೆ ಹೊರಡಿಸಿ ಸಂರಕ್ಷಿತ ಅಂತ ಘೋಷಿಸಿದ ಸ್ಮಾರಕಗಳ ಸುತ್ತ ಮಾತ್ರ. ನಿಮ್ಮ ಹೊಲದ ಗುಡ್ಡೆಗೆ ಅದು ತಾನಾಗಿ ಬಂದು ಅಂಟಿಕೊಳ್ಳುವುದಿಲ್ಲ. ಅಂಥ ಘೋಷಣೆ ಮಾಡಬೇಕಾದರೂ ಮೊದಲು ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು.

ನೆಲದಲ್ಲಿ ಸಿಕ್ಕ ವಸ್ತುವಿಗೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಬೆಲೆಯುಳ್ಳ ಏನೇ ಸಿಕ್ಕರೂ ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ತಿಳಿಸದೆ ಮುಚ್ಚಿಟ್ಟರೆ ಮಾತ್ರ ತೊಂದರೆ. ತಾವಾಗಿ ತಿಳಿಸಿದವರ ಮೇಲೆ ಕೇಸು ಹಾಕುವುದಿಲ್ಲ.

ಮುಖ್ಯವಾಗಿ, ಊರಿನವರು ಯಾರೂ ತಾವೇ ಅಗೆಯಬಾರದು. ಉತ್ಖನನ ಮಾಡಲು ರಾಜ್ಯ ಇಲಾಖೆಯೂ ಕೇಂದ್ರದ ಒಪ್ಪಿಗೆ ಕೇಳಬೇಕು.

ಹುಬ್ಬಳ್ಳಿ ಸವಾರ

ಆನ್‌ಲೈನ್‌ನಲ್ಲಿ ಇಂಥ ಕಲ್ಲು ಮಾರುತ್ತಾರಂತೆ. ಬೆಲೆ ಬರುತ್ತಾ?

ಹಾವೇರಿ ವಕೀಲ

1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ಮೀರಿದ ಇಂಥ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವುದಂತೂ ಪೂರ್ತಿ ನಿಷಿದ್ಧ. ಆ ದಾರಿ ಬೇಡವೇ ಬೇಡ.

ಕಪ್ಪತಗುಡ್ಡದ ಮಗಳು

ಮಾರಿದರೆ ಅದು ಬರೀ ಕಪ್ಪು ಕಲ್ಲು. ಎಲ್ಲಿಂದ ಬಂತು ಅನ್ನೋದು ಗೊತ್ತಿಲ್ಲದ ಕೊಡಲಿಗಳು ಎಷ್ಟೋ ಇವೆ, ಅವುಗಳಿಂದ ಕಲಿಯುವುದು ಬಹಳ ಕಡಿಮೆ. ಈ ಒಂದಕ್ಕೆ ಊರಿದೆ, ಹೊಲ ಇದೆ, ಗುಡ್ಡೆ ಇದೆ, ಮಣ್ಣಿದೆ.

ಗೋವಿನಜೋಳ

ಮಾರುವ ಮಾತೇ ಇಲ್ಲ. ಕಾಕಾನೂ ಹಾಗೇ ಹೇಳಿದರು.

ಮಾಸ್ತರ ಕೇಳಿದ್ದಕ್ಕೆ ಇವತ್ತು ಬೆಳಿಗ್ಗೆ ಹೋಗಿ ಕೆದರಿದ ಬದಿಯನ್ನು ಮುಟ್ಟದೆ ನೋಡಿಕೊಂಡು ಬಂದೆ. ಮೇಲೆ ಮೊಣಕೈ ಉದ್ದದಷ್ಟು ಬರೀ ಕಲ್ಲು. ಅದರ ಕೆಳಗೆ ಕೆಂಪು ಮಣ್ಣು, ಸಣ್ಣ ಕಲ್ಲು ಕಲಸಿದ್ದು. ಕೊಡಲಿ ಎದ್ದ ಗುರುತು ಆ ಕೆಂಪು ಮಣ್ಣಿನಲ್ಲಿ ಹಾಗೇ ಇದೆ, ಅಚ್ಚು ಮೂಡಿದೆ. ಹೊರಗಿನ ಗುಂಡುಗಳಿಗೆ ಹತ್ತಿರ, ನಡುವಿನ ತಗ್ಗಿಗೆ ದೂರ. ಚಕ್ಕೆಗಳೂ ಅದೇ ಮಣ್ಣಿನಲ್ಲಿ ಚೆದುರಿವೆ, ಒಂದೇ ಕಡೆ ಗುಂಪಾಗಿಲ್ಲ. ಕೆಳಗೆ ಇನ್ನೂ ಒಂದು ಬೂದು ಬಣ್ಣದ ಪಟ್ಟಿ ಕಾಣುತ್ತದೆ, ಅದರಲ್ಲಿ ಕಪ್ಪು ಚುಕ್ಕೆಗಳಿವೆ. ಎಲ್ಲದರ ಫೋಟೊ ಹಾಕಿದ್ದೇನೆ.

ಧಾರವಾಡ ಮಾಸ್ತರ

ಬಹಳ ಚೆನ್ನಾಗಿ ನೋಡಿದ್ದೀಯ. ನಾನು ಕಲಿಸಿದ ಹುಡುಗರಲ್ಲೂ ಇಷ್ಟು ತಾಳ್ಮೆಯಿಂದ ನೋಡಿದವರು ಕಡಿಮೆ.

ನಿನ್ನ ವಿವರಣೆ ಪ್ರಕಾರ ಕೊಡಲಿ ಗುಡ್ಡೆಗೆ ಹಾಕಿದ ಮಣ್ಣಿನಲ್ಲಿದೆ, ಸಮಾಧಿ ಕೋಣೆಯಲ್ಲಲ್ಲ. ಹಾಗಿದ್ದರೆ ಸಮಾಧಿ ಕಟ್ಟುವ ಎಷ್ಟೋ ಕಾಲ ಮೊದಲೇ ನಿಮ್ಮ ಹೊಲದ ಆಸುಪಾಸಿನಲ್ಲಿ ಹೊಸ ಶಿಲಾಯುಗದ ಜನ ಇದ್ದರು. ಅವರು ಬಿಟ್ಟುಹೋದ ನೆಲದ ಮಣ್ಣನ್ನೇ ಕಬ್ಬಿಣದ ಕಾಲದವರು ಗೋರಿ ತಂದು ತಮ್ಮವರ ಮೇಲೆ ಹಾಕಿದ್ದಾರೆ. ಅಂದ್ರೆ ನಿನ್ನ ಕಾಕಾನ ಹೊಲದಲ್ಲಿ ಇರುವುದು ಬರೀ ಸಮಾಧಿ ಅಲ್ಲ, ಹತ್ತಿರದಲ್ಲೇ ಒಂದು ಹಳೆಯ ಊರೂ ಇದ್ದಿರಬಹುದು. ನನಗೆ ಕೋಣೆಗಿಂತ ಇದೇ ಜಾಸ್ತಿ ಖುಷಿ ಕೊಟ್ಟಿತು.

ನೀನು ಮೊದಲು ಕೇಳಿದ್ದಕ್ಕೂ ಇಲ್ಲೇ ಉತ್ತರ ಇದೆ. ಗುಡ್ಡೆಯೊಳಗಿನ ತೀರಾ ಹಳೆಯ ವಸ್ತುವಿನಿಂದ ಗುಡ್ಡೆಯ ಕಾಲ ಹೇಳಬಾರದು. ಕೆದರದೆ ಉಳಿದ ಭಾಗದಲ್ಲಿ ಸಿಗುವ ಎಲ್ಲಕ್ಕಿಂತ ಈಚಿನ ವಸ್ತು ನೋಡಬೇಕು. ಆ ಬೂದು ಪಟ್ಟಿಯ ಕಪ್ಪು ಚುಕ್ಕೆ ಇದ್ದಿಲಾಗಿದ್ದರೆ ಅದರಿಂದಲೇ ಕಾಲ ಲೆಕ್ಕ ಹಾಕಬಹುದು. ಕಲ್ಲಿನಿಂದ ಹಾಗೆ ಲೆಕ್ಕ ಬರುವುದಿಲ್ಲ. ಆ ಪಟ್ಟಿಗೆ ಕೈ ತಾಗಿಸಬೇಡ, ಅಲ್ಲಿ ಬೀಡಿ ಸಿಗರೇಟು ಸೇದುವವರನ್ನೂ ನಿಲ್ಲಗೊಡಬೇಡ, ಹೊಸ ಬೂದಿ ಬೆರೆತರೆ ಲೆಕ್ಕ ಕೆಡುತ್ತದೆ.

ಗರಸು ಮಣ್ಣು

ಈಗ ಒಪ್ಪಿದೆ ಮಾಸ್ತರೇ. ನಮ್ಮ ಏರಿನಲ್ಲೂ ಎರಡು ದುಂಡನೆಯ ಗುಡ್ಡೆ ಇವೆ. ಅಪ್ಪಾಜಿ ಮುಟ್ಟಬೇಡ ಅಂತಿದ್ದರು. ನಾಳೆ ಫೋಟೊ ತೆಗೆದು ಕಳಿಸುತ್ತೇನೆ.

ಕಪ್ಪತಗುಡ್ಡದ ಮಗಳು

ಕೆದರಿದ ಬದಿ ಮಳೆಗೆ ಕೊಚ್ಚಿಹೋಗಬಾರದು. ಮೊದಲು ಮಣ್ಣಿನ ಮೈಗೆ ಗೋಣಿಚೀಲ ಹೊದಿಸಿ, ಅದರ ಮೇಲೆ ಮಣ್ಣು ತುಂಬಿದ ಚೀಲಗಳನ್ನು ಒರಗಿಸಿ. ಪ್ಲಾಸ್ಟಿಕ್ ತಾಡಪತ್ರಿ ನೇರವಾಗಿ ಮುಚ್ಚಬೇಡಿ, ಒಳಗೆ ಬೆವೆತು ಮಣ್ಣು ಉದುರುತ್ತದೆ. ಈಗಾಗಲೇ ಹೊರಗೆ ಬಂದ ವಸ್ತುಗಳನ್ನು ತೊಳೆಯಬೇಡಿ, ಬ್ರಷ್ ಹಾಕಿ ಉಜ್ಜಬೇಡಿ. ಕೊಡಲಿ ಬೇರೆ, ಚಕ್ಕೆ ಬೇರೆ, ಮಡಕೆ ಬೇರೆ ಕಾಗದದಲ್ಲಿ ಸುತ್ತಿ, ಎಲ್ಲಿಂದ ಎದ್ದದ್ದು ಅಂತ ಚೀಟಿ ಬರೆದು ಒಳಗಿಡಿ.

ಇನ್ನೊಂದು, ಫೋಟೊದಲ್ಲಿ ಹಿಂದೆ ನಿಮ್ಮೂರಿನ ನೀರಿನ ಟ್ಯಾಂಕ್ ಕಾಣುತ್ತದೆ. ನಿಧಿ ಹುಡುಕುವವರು ಇಲ್ಲೂ ಓದುತ್ತಿರುತ್ತಾರೆ. ಆ ಫೋಟೊ ತೆಗೆದುಹಾಕಿ.

ಗೋವಿನಜೋಳ

ಈಗಲೇ ತೆಗೆದೆ ಅಕ್ಕಾ. ಅರ್ಜಿ ಯಾರಿಗೆ ಕೊಡಬೇಕು? ಮತ್ತೆ ಕಾಕಾ ಕೇಳುತ್ತಿದ್ದಾರೆ, ಉಳಿದ ಹೊಲ ಬಿತ್ತಬಹುದಾ? ಮಳೆ ಹತ್ತಿರ ಬಂತು.

ಹಾವೇರಿ ವಕೀಲ

ಜಿಲ್ಲಾಧಿಕಾರಿಗೆ ಅರ್ಜಿ ಬರೆಯಿರಿ, ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ರಾಜ್ಯ ಪುರಾತತ್ವ ಇಲಾಖೆಗೆ. ಸರ್ವೆ ನಂಬರ್, ಪಹಣಿ ನಕಲು, ಸಿಕ್ಕ ದಿನ, ಸಿಕ್ಕ ವಸ್ತುಗಳ ಪಟ್ಟಿ, ಫೋಟೊ ಇರಲಿ. ಸ್ವೀಕೃತಿ ಸಹಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ವಸ್ತುಗಳನ್ನು ಒಪ್ಪಿಸುವಾಗಲೂ ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ. ಕರಡು ಬೇಕಾದರೆ ಮೆಸೇಜ್ ಮಾಡಿ, ಬರೆದುಕೊಡುತ್ತೇನೆ, ದುಡ್ಡು ಬೇಡ.

ಧಾರವಾಡ ಮಾಸ್ತರ

ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಗೂ ಒಂದು ಪ್ರತಿ ಕಳಿಸು. 1939ರಿಂದ ಇದೆ, ನಮ್ಮ ಸೀಮೆಯ ಪುರಾತತ್ವದ ಕೆಲಸ ಅಲ್ಲಿ ಬಹಳ ಆಗಿದೆ, ವಸ್ತು ಸಂಗ್ರಹಾಲಯವೂ ಇದೆ. ಈ ಬಗೆಯ ಕಲ್ಲು ಸಮಾಧಿಗಳ ಬಗ್ಗೆ ಜೀವನವಿಡೀ ಕೆಲಸ ಮಾಡಿದ ಅ. ಸುಂದರ ಅವರು ನಮ್ಮ ಕರ್ನಾಟಕ ವಿಶ್ವವಿದ್ಯಾಲಯದವರೇ.

ಕಾಕಾನಿಗೆ ಹೇಳು, ಕೆಳಗಿನ ಹೊಲ ಧಾರಾಳವಾಗಿ ಬಿತ್ತಲಿ. ಮೇಲ್ಭಾಗದಲ್ಲಿ ಮಾತ್ರ ಗುಂಡುಗಳ ಸಾಲಿನಿಂದ ಆಚೆ ಹತ್ತು ಹೆಜ್ಜೆ ಬಿಡಲಿ. ಅದರ ಸುತ್ತಲಿನ ಹೊಲಕ್ಕೆ ಈ ವರ್ಷ ಟ್ರ್ಯಾಕ್ಟರ್ ನೇಗಿಲು ಬೇಡ, ಎತ್ತಿನ ಕುಂಟೆ ಸಾಕು. ಬಿತ್ತುವಾಗ ಕಾಲಿಗೆ ಚಕ್ಕೆ, ಮಡಕೆ ಚೂರು ಸಿಕ್ಕರೆ ಎತ್ತದೆ, ಯಾವ ಸಾಲಿನಲ್ಲಿ ಅಂತ ಬರೆದಿಡು. ಎಲ್ಲಿ ಜಾಸ್ತಿ ಸಿಗುತ್ತವೋ ಹಳೆಯ ಊರು ಆ ಕಡೆ ಇರುತ್ತದೆ.

ಗೋವಿನಜೋಳ

ಆಯ್ತು ಸರ್. ಕಾಕಾ ಸುಣ್ಣದಿಂದ ಗೆರೆ ಹಾಕಿಸಿದ್ದಾರೆ, ಜೆಸಿಬಿ ವಾಪಸ್ ಹೋಯಿತು. ಸೋಮವಾರ ಹಾವೇರಿಗೆ ಹೋಗುತ್ತೇವೆ. ಸ್ವೀಕೃತಿ ಸಿಕ್ಕ ಮೇಲೆ ಇಲ್ಲೇ ತಿಳಿಸುತ್ತೇನೆ.